ಬೆಚ್ಚಗಿರಲೆಂದು ಕಟ್ಟಿದ ಮನೆಗಳು ಬೇಸಿಗೆಯಲ್ಲಿ ಕುದಿದ ಕಥೆ

2003ರ ಸೆಪ್ಟೆಂಬರ್ 3ರಂದು ಪ್ಯಾರಿಸ್ ಪಕ್ಕದ ಒಂದು ಸ್ಮಶಾನದಲ್ಲಿ 57 ಜನರ ಅಂತ್ಯಕ್ರಿಯೆ ನಡೆಯಿತು. ಫ್ರಾನ್ಸಿನ ಅಧ್ಯಕ್ಷ ಜಾಕ್ ಶಿರಾಕ್ ಅವರೇ ಬಂದು ನಿಂತಿದ್ದರು. ಸತ್ತವರು ಸೈನಿಕರಲ್ಲ, ಯಾವುದೇ ಅಪಘಾತದಲ್ಲಿ ತೀರಿಕೊಂಡವರೂ ಅಲ್ಲ. ವಾರಗಳು ಕಳೆದರೂ ಹೆಣ ಕೇಳಿಕೊಂಡು ಯಾರೂ ಬಾರದೆ ಉಳಿದವರು. ಆ ಆಗಸ್ಟ್ ತಿಂಗಳ ಧಗೆಗೆ ಬಲಿಯಾದವರು.

ಆ ಧಗೆಗೆ ಫ್ರಾನ್ಸ್ ಒಂದರಲ್ಲೇ ಸತ್ತವರು ಸುಮಾರು 15 ಸಾವಿರ. ಅದೂ ಆಗಸ್ಟ್ 1ರಿಂದ 20ರ ಒಳಗೆ. ಪ್ಯಾರಿಸ್‌ನಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗಿತ್ತು. ರಾಯಚೂರು, ಕಲಬುರಗಿ ಕಡೆಯವರು ಇದನ್ನು ಓದಿ ನಗಬಹುದು. ನಮಗೆ 40 ಅಂದರೆ ಬೇಸಿಗೆ ಈಗಷ್ಟೇ ಶುರು ಅಂತ ಲೆಕ್ಕ. ನಾವೂ ಈ ಸಂಖ್ಯೆ ಮೊದಲು ನೋಡಿದಾಗ ಇಷ್ಟಕ್ಕೇ ಇಷ್ಟು ಜನ ಸತ್ತರೇ ಅಂತ ಬೆರಗಾದೆವು. ಆಮೇಲೆ ಓದುತ್ತ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಬಿಸಿಲಲ್ಲಿ ದುಡಿಯುತ್ತಿದ್ದವರಲ್ಲ, 75 ದಾಟಿದ ಮುದುಕರು, ಮುದುಕಿಯರು. ಅವರು ಇದ್ದದ್ದು ಸೂರಿನ ಕೆಳಗೆ.

ನೆರಳಲ್ಲಿ ಕೂತ ಮನುಷ್ಯನನ್ನು ಮನೆ ಹೇಗೆ ಕೊಲ್ಲುತ್ತದೆ? ಇದಕ್ಕೆ ಉತ್ತರ ಹುಡುಕಬೇಕೆಂದರೆ ಇನ್ನೂ 30 ವರ್ಷ ಹಿಂದಕ್ಕೆ ಹೋಗಬೇಕು.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕ ಮತ್ತು ಕೆಲವು ಯುರೋಪಿನ ದೇಶಗಳಿಗೆ ತೈಲ ಕೊಡುವುದನ್ನು ನಿಲ್ಲಿಸಿದವು. ಪೀಪಾಯಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲದ ಬೆಲೆ 1974ರ ಆರಂಭಕ್ಕೆ 12 ಡಾಲರಿನ ಹತ್ತಿರ ಬಂತು. ನಮ್ಮ ದೇಶದಲ್ಲಿ ಇದರ ಬಿಸಿ ತಟ್ಟಿದ್ದು ಪೆಟ್ರೋಲು, ಸೀಮೆಎಣ್ಣೆ, ಗೊಬ್ಬರದ ರೇಟಿನಲ್ಲಿ. ಯುರೋಪಿನಲ್ಲಿ ತಟ್ಟಿದ್ದು ಮನೆಯೊಳಗೆ. ಅಲ್ಲಿ ಚಳಿಗಾಲ ಕಳೆಯಬೇಕೆಂದರೆ ತಿಂಗಳುಗಟ್ಟಲೆ ಮನೆಯನ್ನು ಕಾಯಿಸಬೇಕು. ಕಾಯಿಸಲು ಎಣ್ಣೆ ಬೇಕು, ಇಲ್ಲವೇ ಗ್ಯಾಸ್ ಬೇಕು. ಡೆನ್ಮಾರ್ಕಿನಲ್ಲಿ ತೈಲ ಉಳಿಸಲು ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ನಿಷೇಧಿಸಿತು.

ಆಗ ಸರ್ಕಾರಗಳ ಕಣ್ಣು ಗೋಡೆಗಳ ಮೇಲೆ ಬಿತ್ತು. ಕಾಯಿಸಿದ ಶಾಖವೆಲ್ಲ ಗೋಡೆ, ಛಾವಣಿ, ಕಿಟಕಿಯ ಸಂದಿಯಿಂದ ಹೊರಗೆ ಸೋರಿ ಹೋಗುತ್ತಿತ್ತು. ಫ್ರಾನ್ಸ್ 1974ರಲ್ಲಿ, ಜರ್ಮನಿ 1977ರಲ್ಲಿ ಹೊಸ ಕಟ್ಟಡಗಳಿಗೆ ನಿಯಮ ತಂದವು: ಶಾಖ ಸೋರದಂತೆ ಮನೆಗೆ ಹೊದಿಕೆ ಹಾಕಬೇಕು. ಇದನ್ನೇ ಇನ್ಸುಲೇಶನ್ ಅನ್ನುವುದು. ಗಾಜಿನ ನಾರು, ಕಲ್ಲಿನ ನಾರು, ಥರ್ಮೋಕೋಲಿನಂಥ ಹಲಗೆ, ಹೀಗೆ ಗಾಳಿಯನ್ನು ಸಣ್ಣ ಸಣ್ಣ ತೂತುಗಳಲ್ಲಿ ಹಿಡಿದಿಡುವ ಸಾಮಾನನ್ನು ಗೋಡೆಗೆ, ಛಾವಣಿಗೆ ತುಂಬುವುದು. ಕಿಟಕಿಗೆ ಒಂದರ ಬದಲು ಎರಡು ಗಾಜು. ಸಂದಿಗಳಿಗೆ ರಬ್ಬರ್ ಪಟ್ಟಿ. ಮನೆಗೆ ಸ್ವೆಟರ್ ತೊಡಿಸಿದ ಹಾಗೆ.

ಇಷ್ಟಾದ ಮೇಲೆ ಎಂಜಿನಿಯರುಗಳು ಕಾಗದದ ಮೇಲೆ ಲೆಕ್ಕ ಹಾಕಿದರು. ಇಷ್ಟು ದಪ್ಪದ ಹೊದಿಕೆಗೆ ಇಷ್ಟು ಇಂಧನ ಉಳಿಯಬೇಕು ಅಂತ. ಆದರೆ ಲೆಕ್ಕ ಕೂಡಿ ಬರಲಿಲ್ಲ. ಅದು ಯಾಕೆ ಅನ್ನುವುದನ್ನು ಮೊದಲು ಚೆನ್ನಾಗಿ ಹಿಡಿದು ತೋರಿಸಿದ್ದು ಅಮೆರಿಕದ ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಬಡಾವಣೆಯ ಅಧ್ಯಯನ.

ಟ್ವಿನ್ ರಿವರ್ಸ್‌ನಲ್ಲಿ ಸಾಲುಮನೆಗಳಿದ್ದವು. ಒಂದೇ ನಕ್ಷೆ, ಒಂದೇ ಇಟ್ಟಿಗೆ, ಒಂದೇ ಬಗೆಯ ಒಲೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ಸೊಕೊಲೋ ಮತ್ತು ಜೊತೆಗಾರರು 1970ರ ದಶಕದಲ್ಲಿ ವರ್ಷಗಟ್ಟಲೆ ಆ ಮನೆಗಳ ಗ್ಯಾಸ್ ಬಿಲ್ ನೋಡಿದರು. ಅಚ್ಚಿನಲ್ಲಿ ಹೊಡೆದಂತಿದ್ದ ಮನೆಗಳಲ್ಲೇ ಒಂದು ಇನ್ನೊಂದರ ದುಪ್ಪಟ್ಟು ಗ್ಯಾಸ್ ಸುಡುತ್ತಿತ್ತು. ಆ ತಂಡದ ರಾಬರ್ಟ್ ಸೊಂಡರೆಗರ್ 1978ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಕುಟುಂಬ ಮನೆ ಬಿಟ್ಟು ಇನ್ನೊಂದು ಕುಟುಂಬ ಬಂದಾಗ ಬಿಲ್ ಏನಾಗುತ್ತದೆ ಅಂತ ಹೋಲಿಸಿದರು. ಗೋಡೆ ಬದಲಾಗಿಲ್ಲ, ಛಾವಣಿ ಬದಲಾಗಿಲ್ಲ, ಆದರೂ ಬಿಲ್ ಬದಲಾಯಿತು. ವ್ಯತ್ಯಾಸದ ದೊಡ್ಡ ಪಾಲು ಮನೆಯದಲ್ಲ, ಮನೆಯಲ್ಲಿ ಇರುವವರದು ಅಂತ ಗೊತ್ತಾಯಿತು. ಯಾರು ಕಿಟಕಿ ತೆರೆದಿಡುತ್ತಾರೆ, ಯಾರು ಪರದೆ ಎಳೆಯುತ್ತಾರೆ, ಯಾರು ಬಾಗಿಲು ಹಾಕುವುದನ್ನು ಮರೆಯುತ್ತಾರೆ, ಇದೇ ವಿಷಯ.

ನಮ್ಮ ಅಜ್ಜಿಯಂದಿರಿಗೆ ಹೇಳಿದ್ದರೆ ಇದಕ್ಕೆ ವಿಶ್ವವಿದ್ಯಾಲಯ ಬೇಕಿತ್ತಾ ಅಂತ ಕೇಳುತ್ತಿದ್ದರು. ಆದರೆ ಅಂಕಿಸಂಖ್ಯೆಯಲ್ಲಿ ತೋರಿಸಿದ ಮೇಲೂ ಕಟ್ಟುವವರು ಅದನ್ನು ಮರೆತರು ಅನ್ನುವುದೇ ಈ ಕಥೆಯ ಮುಂದಿನ ಭಾಗ. ಯಾಕೆಂದರೆ ಅವರೆಲ್ಲ ನೋಡುತ್ತಿದ್ದದ್ದು ಚಳಿಗಾಲದ ಬಿಲ್. ಬೇಸಿಗೆಯ ಚಿಂತೆ ಯಾರಿಗೂ ಇರಲಿಲ್ಲ.

ಹೊದಿಕೆಯ ಮನೆ ತನ್ನ ತುದಿ ಮುಟ್ಟಿದ್ದು ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನಲ್ಲಿ. ವೋಲ್ಫ್‌ಗಾಂಗ್ ಫೈಸ್ಟ್ ಎಂಬ ಭೌತಶಾಸ್ತ್ರಜ್ಞರು ಸ್ವೀಡನ್ನಿನ ಪ್ರಾಧ್ಯಾಪಕ ಬೊ ಆಡಮ್ಸನ್ ಜೊತೆ ಮಾತಾಡಿ ರೂಪಿಸಿದ ಕಲ್ಪನೆ ಅದು. 1991ರಲ್ಲಿ ನಾಲ್ಕು ಸಾಲುಮನೆಗಳಿಗೆ ಜನ ವಾಸಕ್ಕೆ ಬಂದರು. ಫೈಸ್ಟ್ ಕುಟುಂಬವೂ ಅದರಲ್ಲಿ ಒಂದು. ಮನೆ ಎಷ್ಟು ಬಿಗಿಯಾಗಿತ್ತೆಂದರೆ, ಆ ಕಾಲದ ಸಾಮಾನ್ಯ ಜರ್ಮನ್ ಮನೆಗೆ ಬೇಕಾದ ಇಂಧನದಲ್ಲಿ ಹತ್ತನೇ ಒಂದು ಭಾಗ ಸಾಕಾಯಿತು. ಮನುಷ್ಯರ ಮೈಕಾವು, ಅಡುಗೆಯ ಕಾವು, ಗಾಜಿನಿಂದ ಬರುವ ಬಿಸಿಲು, ಇಷ್ಟರಲ್ಲೇ ಚಳಿಗಾಲದ ಬಹುಪಾಲು ಕಳೆದುಹೋಗುತ್ತಿತ್ತು. ಇದಕ್ಕೆ ಪ್ಯಾಸಿವ್ ಹೌಸ್ ಅಂತ ಹೆಸರು.

ಈಗ ಅದೇ ಮನೆಯನ್ನು ಬೇಸಿಗೆಯಲ್ಲಿ ನೋಡಿ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೆಚ್ಚು ಕಡಿಮೆ 100 ವಾಟಿನ ಹಳೇ ಬಲ್ಬಿನಷ್ಟು ಶಾಖ ಹೊರಡುತ್ತದೆ. ಫ್ರಿಜ್ಜು, ಟಿವಿ, ಅಡುಗೆ ಒಲೆ ಎಲ್ಲವೂ ಕಾವು ಬಿಡುತ್ತವೆ. ದೊಡ್ಡ ಗಾಜಿನ ಕಿಟಕಿಯಿಂದ ಬಿಸಿಲು ಒಳಗೆ ಬಂದು ನೆಲ, ಮಂಚ, ಗೋಡೆಯನ್ನು ಕಾಯಿಸುತ್ತದೆ. ಹಳೆಯ ಸೋರುವ ಮನೆಯಾದರೆ ಇದೆಲ್ಲ ಸಂಜೆಗೆ ತಾನಾಗಿ ಹೊರಗೆ ಹೋಗುತ್ತಿತ್ತು. ಹೊದಿಕೆಯ ಮನೆ ಹಾಗೆ ಬಿಡುವುದಿಲ್ಲ. ಯಾರಾದರೂ ಎದ್ದು ಕಿಟಕಿ ತೆರೆದು ಆ ಕಾವನ್ನು ಹೊರಗೆ ಕಳಿಸಬೇಕು.

ಥರ್ಮಾಸ್ ಫ್ಲಾಸ್ಕ್ ನೆನಪಿಸಿಕೊಳ್ಳಿ. ಹೊಲಕ್ಕೆ ಚಹಾ ಒಯ್ದರೆ ಮಧ್ಯಾಹ್ನದವರೆಗೂ ಬಿಸಿ. ಅದೇ ಫ್ಲಾಸ್ಕಿಗೆ ಐಸ್ ಹಾಕಿದರೆ ಮಧ್ಯಾಹ್ನದವರೆಗೂ ತಣ್ಣಗೆ. ಹೊದಿಕೆಯ ಮನೆಯೂ ಅಷ್ಟೇ. ರಾತ್ರಿ ತಂಪು ಗಾಳಿಯನ್ನು ಒಳಗೆ ತುಂಬಿಕೊಂಡು, ಬೆಳಗ್ಗೆ ಬಿಸಿಲು ಏರುವ ಮೊದಲು ಎಲ್ಲ ಮುಚ್ಚಿ, ಗಾಜಿನ ಹೊರಗಡೆ ನೆರಳು ಮಾಡಿದರೆ ಅದು ದಿನವಿಡೀ ತಂಪಾಗಿರುತ್ತದೆ, ಸೋರುವ ಮನೆಗಿಂತಲೂ ತಂಪಾಗಿ. ಉಲ್ಟಾ ಮಾಡಿದರೆ ಹಾಟ್‌ಬಾಕ್ಸ್.

ಗಾಜಿನ ಹೊರಗಡೆ ಅಂದದ್ದನ್ನು ಗಮನಿಸಿ. ಒಳಗಿನ ಪರದೆ ಎಳೆದರೆ ಬಿಸಿಲು ಕಣ್ಣಿಗೆ ಕಾಣುವುದಿಲ್ಲ, ಆದರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಪರದೆಯೇ ಕಾದು ಕೋಣೆಗೆ ಕಾವು ಬಿಡುತ್ತದೆ. ಹೊರಗಿನ ಮರದ ಬಾಗಿಲು, ಚಪ್ಪರ, ತಟ್ಟಿ ಆದರೆ ಶಾಖ ಹೊರಗೇ ನಿಲ್ಲುತ್ತದೆ. ಇಟಲಿ, ಸ್ಪೇನ್, ದಕ್ಷಿಣ ಫ್ರಾನ್ಸಿನ ಹಳೇ ಮನೆಗಳಿಗೆ ಕಿಟಕಿಯ ಹೊರಗೆ ಮರದ ಪಟ್ಟಿಯ ಬಾಗಿಲು ಇರುವುದು ಇದಕ್ಕೇ. ಅಲ್ಲಿನವರು ಬೆಳಗ್ಗೆ ಅದನ್ನು ಹಾಕಿ, ಕತ್ತಲೆ ಮನೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡಿ, ಸೂರ್ಯ ಇಳಿದ ಮೇಲೆ ತೆರೆಯುತ್ತಾರೆ. ಇಂಗ್ಲೆಂಡಿನಲ್ಲಿ ಕಿಟಕಿಗಳು ಸಾಮಾನ್ಯವಾಗಿ ಹೊರಕ್ಕೆ ತೆರೆಯುತ್ತವೆ, ಹೊರಗೆ ಬಾಗಿಲು ಕೂಡಿಸಲು ಜಾಗವೇ ಇಲ್ಲ. ಜೊತೆಗೆ ಬಿಸಿಲು ಬಂದರೆ ಸಾಕು ಕಿಟಕಿ ತೆರೆಯಬೇಕು ಅನ್ನುವುದು ಅಲ್ಲಿನ ಅಭ್ಯಾಸ. ಬಿಸಿಲು ಅಪರೂಪವಾಗಿದ್ದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು.

ಮತ್ತೆ 2003ಕ್ಕೆ ಬರೋಣ. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆಗ ಪ್ಯಾರಿಸ್‌ನಲ್ಲಿ ಸತ್ತವರನ್ನು ಕೊಂದದ್ದು ಹೊದಿಕೆಯಲ್ಲ. ಆಮೇಲೆ ನಡೆದ ಅಧ್ಯಯನದಲ್ಲಿ ಹೆಚ್ಚು ಅಪಾಯಕ್ಕೆ ಸಿಕ್ಕವರು ಅಂತ ಕಂಡದ್ದು ಹೊದಿಕೆಯಿಲ್ಲದ ಹಳೇ ಕಟ್ಟಡಗಳಲ್ಲಿ, ಅದರಲ್ಲೂ ಛಾವಣಿಗೆ ತಾಗಿಕೊಂಡ ಮೇಲಿನ ಮಹಡಿಯಲ್ಲಿ ಮಲಗುತ್ತಿದ್ದವರು. ಪ್ಯಾರಿಸ್‌ನ ಹಳೇ ಕಟ್ಟಡಗಳ ನೆತ್ತಿಯ ಮೇಲೆ ಸತುವಿನ ತಗಡು ಇದೆ. ಅದರ ಕೆಳಗೆ 19ನೇ ಶತಮಾನದಲ್ಲಿ ಮನೆಗೆಲಸದ ಹೆಣ್ಣುಮಕ್ಕಳಿಗೆಂದು ಕಟ್ಟಿದ ಗೂಡಿನಂಥ ಕೋಣೆಗಳಿವೆ. ಈಗ ಅಲ್ಲಿರುವವರು ಬಡ ವಿದ್ಯಾರ್ಥಿಗಳು, ಒಂಟಿ ಮುದುಕರು. ತಗಡಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕಳೆದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ತೆಳು ಬಟ್ಟೆ ಹಾಕಿಕೊಂಡವರು, ಮೈ ತಂಪು ಮಾಡಿಕೊಳ್ಳುವ ಉಪಾಯ ಮಾಡಿದವರು ಹೆಚ್ಚು ಉಳಿದರು. ಹಾಸಿಗೆ ಬಿಟ್ಟು ಏಳಲಾಗದವರು ಹೆಚ್ಚು ಸತ್ತರು. ಕಿಟಕಿ ತೆರೆಯುವುದು, ಮುಚ್ಚುವುದು ಸಣ್ಣ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಮಂಡಿನೋವಿನ 85ರ ಅಜ್ಜಿಗೆ ಅದು ಸಣ್ಣ ಕೆಲಸವಲ್ಲ. ಆ ಆಗಸ್ಟ್‌ನಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶವೇ 25 ಡಿಗ್ರಿ ದಾಟಿದ ದಿನಗಳಿದ್ದವು, ಕಿಟಕಿ ತೆರೆದರೂ ಒಳಗೆ ಬರಲು ತಂಪು ಗಾಳಿ ಇರಲಿಲ್ಲ. ಮೇಲಾಗಿ ಆಗಸ್ಟ್ ಅಂದರೆ ಫ್ರಾನ್ಸಿನಲ್ಲಿ ರಜೆಯ ತಿಂಗಳು. ಮಕ್ಕಳು ಸಮುದ್ರತೀರಕ್ಕೆ, ಡಾಕ್ಟರುಗಳೂ ರಜೆಗೆ. ಬಾಗಿಲು ತಟ್ಟಿ ನೀರು ಕುಡಿದೆಯಾ ಅಂತ ಕೇಳುವವರಿಲ್ಲ.

ಇದಕ್ಕೂ ಎಂಟು ವರ್ಷ ಮೊದಲು, 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಇಂಥದೇ ಆಗಿತ್ತು. 700ಕ್ಕೂ ಹೆಚ್ಚು ಜನ ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಆ ಓಣಿಗಳಲ್ಲಿ ತಿರುಗಾಡಿ ಬರೆದದ್ದು ಓದಿದರೆ ಮನಸ್ಸು ಕಲಕುತ್ತದೆ. ಎಷ್ಟೋ ಮುದುಕರು ಕಳ್ಳರ ಭಯಕ್ಕೆ ಕಿಟಕಿ, ಬಾಗಿಲು ಭದ್ರ ಮಾಡಿಕೊಂಡು ಒಳಗೇ ಬೆಂದಿದ್ದರು. ಅದೇ ನಗರದಲ್ಲಿ ಹಿಂದಿನ ತಲೆಮಾರಿನವರು ಸೆಖೆ ಹೆಚ್ಚಾದರೆ ಹಾಸಿಗೆ ಎತ್ತಿಕೊಂಡು ಹೋಗಿ ಪಾರ್ಕಿನಲ್ಲಿ, ಕೆರೆಯ ದಂಡೆಯಲ್ಲಿ ಮಲಗುತ್ತಿದ್ದರು. ಅಕ್ಕಪಕ್ಕದ ಎರಡು ಬಡ ಓಣಿಗಳಲ್ಲಿ ಒಂದರ ಸಾವಿನ ಪ್ರಮಾಣ ಇನ್ನೊಂದರ ಹತ್ತು ಪಟ್ಟು ಇತ್ತು. ಕಡಿಮೆ ಸತ್ತ ಓಣಿಯಲ್ಲಿ ಬೀದಿ ತುಂಬ ಅಂಗಡಿಗಳಿದ್ದವು, ಜನ ಓಡಾಡುತ್ತಿದ್ದರು, ಮುದುಕರು ಮನೆ ಬಿಟ್ಟು ಹೊರಗೆ ಬರಲು ಹೆದರುತ್ತಿರಲಿಲ್ಲ. ಮನೆಯಲ್ಲಿರುವವರ ಅಭ್ಯಾಸ ಅಂತ ನಾವು ಕರೆಯುವುದರಲ್ಲಿ ಅರ್ಧ ಬೀದಿಯದು ಅಂತ ಇದರಿಂದ ನಮಗೆ ಅನಿಸಿತು.

ಫ್ರಾನ್ಸ್ 2004ರಲ್ಲಿ ಬುದ್ಧಿ ಕಲಿತು ಧಗೆ ಎದುರಿಸುವ ಯೋಜನೆ ಮಾಡಿತು. ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನು ಪುರಸಭೆಗಳು ಇಟ್ಟುಕೊಂಡು, ಧಗೆಯ ಎಚ್ಚರಿಕೆ ಬಂದಾಗ ಫೋನ್ ಮಾಡಿ ವಿಚಾರಿಸಬೇಕು. ಹಗಲು ಕಿಟಕಿ ಮುಚ್ಚಿ, ರಾತ್ರಿ ತೆರೆಯಿರಿ ಅಂತ ಟಿವಿ, ರೇಡಿಯೋದಲ್ಲಿ ಹೇಳಬೇಕು. ವೃದ್ಧರ ಆರೈಕೆಗೆ ಹಣ ಹೊಂದಿಸಲು ನೌಕರರು ವರ್ಷಕ್ಕೆ ಒಂದು ದಿನ ಸಂಬಳವಿಲ್ಲದೆ ದುಡಿಯಬೇಕು ಅಂತ ಕಾನೂನೂ ಬಂತು. ಅದಕ್ಕಾಗಿ ಒಂದು ಹಬ್ಬದ ರಜೆಯನ್ನು ತೆಗೆಯಲು ಹೊರಟಾಗ ದೊಡ್ಡ ಜಗಳವೇ ಆಯಿತು, ಅದು ಬೇರೆ ಕಥೆ.

ಆದರೆ ಅಷ್ಟು ಹೊತ್ತಿಗೆ ಬಿಗಿಯಾದ ಹೊಸ ಮನೆಗಳು ಎಲ್ಲೆಡೆ ಎದ್ದಿದ್ದವು. ಇಂಗ್ಲೆಂಡಿನಲ್ಲಿ ಹಳೇ ಕಚೇರಿಗಳನ್ನು ಒಡೆದು ಫ್ಲ್ಯಾಟ್ ಮಾಡಿದರು, ಒಂದೇ ಬದಿಗೆ ಕಿಟಕಿ. ಎದುರು ಗಾಳಿ ಇಲ್ಲ. ಮಕ್ಕಳು ಬೀಳಬಾರದೆಂದು ಎತ್ತರದ ಮಹಡಿಯ ಕಿಟಕಿಗಳು ಒಂದು ಗೇಣಿನಷ್ಟೂ ತೆರೆಯದ ಹಾಗೆ ತಡೆ ಹಾಕಿದರು. ಕೆಳಮಹಡಿಯವರು ಕಳ್ಳರಿಗೆ ಹೆದರಿ ರಾತ್ರಿ ತೆರೆಯರು, ರಸ್ತೆ ಪಕ್ಕದವರು ಗದ್ದಲಕ್ಕೆ ತೆರೆಯರು. ಹೊಸ ಮನೆಗಳಲ್ಲಿ ಗಾಳಿಗೆಂದು ಒಂದು ಯಂತ್ರ ಇರುತ್ತದೆ. ಹೊರಹೋಗುವ ಬೆಚ್ಚನೆ ಗಾಳಿಯಿಂದ ಶಾಖ ಹೀರಿ ಒಳಬರುವ ಗಾಳಿಗೆ ಕೊಡುವುದು ಅದರ ಕೆಲಸ. ಚಳಿಗಾಲಕ್ಕೆ ಒಳ್ಳೆಯದೇ, ಆದರೆ ಬೇಸಿಗೆಗೆ ಅದನ್ನು ಬೇರೆ ಗುಂಡಿ ಒತ್ತಿ ಬದಲಿಸಬೇಕು. ಗುಂಡಿ ಎಲ್ಲಿದೆ ಅಂತ ಬಾಡಿಗೆಗೆ ಬಂದವರಿಗೆ ಯಾರೂ ಹೇಳದಿದ್ದರೆ ಜುಲೈನಲ್ಲೂ ಅದು ಶಾಖವನ್ನು ಉಳಿಸಿಕೊಡುತ್ತಲೇ ಇರುತ್ತದೆ.

2022ರ ಜುಲೈ 19ರಂದು ಇಂಗ್ಲೆಂಡಿನ ಕೊನಿಂಗ್ಸ್‌ಬಿಯಲ್ಲಿ ಉಷ್ಣಾಂಶ 40.3 ಡಿಗ್ರಿ ಮುಟ್ಟಿತು. ಆ ದೇಶದಲ್ಲಿ 40 ದಾಟಿದ್ದು ಅದೇ ಮೊದಲು. ಆ ಬೇಸಿಗೆಯ ಧಗೆಯ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 3 ಸಾವಿರ ಸಾವುಗಳು ಹೆಚ್ಚಿಗೆ ಆದವು ಅಂತ ಅಲ್ಲಿನ ಆರೋಗ್ಯ ಸಂಸ್ಥೆ ಅಂದಾಜಿಸಿತು. ಒಂದು ವರ್ಷ ಹಿಂದೆ, 2021ರ ಜೂನ್ ಕೊನೆಯಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದೇ ವಾರದಲ್ಲಿ 619 ಜನ ಧಗೆಗೆ ಸತ್ತಿದ್ದರು. ಅವರಲ್ಲಿ 100ಕ್ಕೆ 98 ಜನ ಸತ್ತದ್ದು ಸೂರಿನ ಕೆಳಗೆ, ಅರ್ಧಕ್ಕಿಂತ ಹೆಚ್ಚು ಜನ ಒಂಟಿಯಾಗಿದ್ದವರು.

ಕೊನೆಗೂ ಕಾನೂನು ಬಂತು. ಇಂಗ್ಲೆಂಡಿನ ಕಟ್ಟಡ ನಿಯಮಗಳಿಗೆ 2022ರ ಜೂನ್‌ನಲ್ಲಿ ಹೊಸ ಭಾಗ ಸೇರಿತು. ಹೊಸ ಮನೆ ಕಟ್ಟುವವರು ಬೇಸಿಗೆಯಲ್ಲಿ ಅದು ಅತಿಯಾಗಿ ಕಾಯುವುದಿಲ್ಲ ಅಂತ ತೋರಿಸಬೇಕು. ನಮಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಅದು ಮನುಷ್ಯರ ಸ್ವಭಾವವನ್ನು ನಿಯಮದೊಳಗೆ ಬರೆದ ರೀತಿ. ಕೋಣೆ 22 ಡಿಗ್ರಿ ದಾಟಿದರೆ ಜನ ಕಿಟಕಿ ತೆರೆಯಲು ಶುರು ಮಾಡುತ್ತಾರೆ, 26ಕ್ಕೆ ಪೂರ್ತಿ ತೆರೆಯುತ್ತಾರೆ ಅಂತ ಲೆಕ್ಕ ಹಾಕಬೇಕು. ಆದರೆ ಮಲಗುವ ಕೋಣೆಯಲ್ಲಿ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಹೊರಗಿನ ಗದ್ದಲ ಸರಾಸರಿ 40 ಡೆಸಿಬೆಲ್ ಮೀರಿದರೆ ಅವರು ಕಿಟಕಿ ಮುಚ್ಚಿಯೇ ಮಲಗುತ್ತಾರೆ ಅಂತ ಹಿಡಿಯಬೇಕು. ಕೆಳಮಹಡಿಯ ಕಿಟಕಿ ಕಳ್ಳ ನುಗ್ಗದ ಹಾಗೆ ತೆರೆದಿರಲು ಬರಬೇಕು. ಒಳಗಿನ ಪರದೆ ಲೆಕ್ಕಕ್ಕಿಲ್ಲ. ಮನೆ ಮುಂದಿನ ಮರದ ನೆರಳೂ ಲೆಕ್ಕಕ್ಕಿಲ್ಲ! ಮರವನ್ನು ನಾಳೆ ಯಾರಾದರೂ ಕಡಿಯಬಹುದಲ್ಲ ಅನ್ನುವುದನ್ನು ನೆನೆದರೆ ಅದೂ ಸರಿಯೇ. ಟ್ವಿನ್ ರಿವರ್ಸ್‌ನಲ್ಲಿ ಗೊತ್ತಾದ ವಿಷಯ ಕಾನೂನಿನ ಪುಸ್ತಕ ಸೇರಲು 40 ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆದರೆ ಇದು ಹೊಸ ಮನೆಗಳಿಗೆ ಮಾತ್ರ. ಈಗಾಗಲೇ ಕಟ್ಟಿದ ಲಕ್ಷಾಂತರ ಮನೆಗಳಲ್ಲಿ ಇರುವವರು ತಮ್ಮ ಉಪಾಯ ತಾವೇ ನೋಡಿಕೊಳ್ಳಬೇಕು.

ಇದನ್ನೆಲ್ಲ ಓದುವಾಗ ನಮಗೆ ಬಳ್ಳಾರಿ, ರಾಯಚೂರು, ವಿಜಯಪುರದ ಮಣ್ಣಿನ ಮಾಳಿಗೆ ಮನೆಗಳು ನೆನಪಾಗುತ್ತಲೇ ಇದ್ದವು. ಅವೂ ಹೊದಿಕೆಯ ಮನೆಗಳೇ. ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆ ಹೊದಿಸಿ ಮೇಲೆ ದಪ್ಪನೆ ಸವಳು ಮಣ್ಣು. ಎರಡು ಮೊಳ ದಪ್ಪದ ಗೋಡೆ. ಕಿಟಕಿ ಸಣ್ಣದು, ಕೆಲವಕ್ಕೆ ಇರುವುದೇ ಇಲ್ಲ, ಛಾವಣಿಯಲ್ಲಿ ಬೆಳಕಿಂಡಿ ಮಾತ್ರ. ಹಗಲಿನ ಬಿಸಿಲು ಆ ಮಣ್ಣನ್ನು ದಾಟಿ ಒಳಗೆ ಇಳಿಯುವ ಹೊತ್ತಿಗೆ ರಾತ್ರಿ ಆಗಿರುತ್ತಿತ್ತು. ರಾತ್ರಿ ಒಳಗೆ ಕುದಿ ಇರುತ್ತಿತ್ತು, ಅದು ಸುಳ್ಳಲ್ಲ. ಆದರೆ ರಾತ್ರಿ ಒಳಗೆ ಯಾರಿರುತ್ತಿದ್ದರು? ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ಚುಕ್ಕಿ ನೋಡುತ್ತ ಮಲಗುತ್ತಿದ್ದರು. ಹಗಲು ಒಳಗೆ, ರಾತ್ರಿ ಮೇಲೆ. ಆ ಮನೆ ಕೆಲಸ ಮಾಡುತ್ತಿದ್ದದ್ದು ಈ ಓಡಾಟ ಸೇರಿದ್ದರಿಂದ. ಎಲ್ಲರಿಗೂ ಆ ಸುಖ ಸಮವಾಗಿ ಸಿಗುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಗಂಡಸರು ಮಾಳಿಗೆ ಮೇಲೆ, ಬಾಣಂತಿ, ಹೊಸ ಸೊಸೆ ಒಳಗೆ.

ಮಾಳಿಗೆಗೆ ವರ್ಷವರ್ಷ ಮಳೆಗೆ ಮುಂಚೆ ಮಣ್ಣು ಹಾಕಬೇಕು, ಸೋರಿದರೆ ಏಳಬೇಕು, ಚೇಳು, ಇಲಿಗಳ ಕಾಟ. ಅದನ್ನು ಬಿಟ್ಟು ಜನ ಆರ್‌ಸಿಸಿ ಹಾಕಿಸಿದ್ದನ್ನು ನಾವು ತಪ್ಪು ಅನ್ನುವುದಿಲ್ಲ. ಆದರೆ ಐದಾರು ಇಂಚಿನ ಸಿಮೆಂಟು ಸ್ಲ್ಯಾಬಿಗೆ ಹೊದಿಕೆ ಇಲ್ಲ. ಹಗಲು ಕಾದದ್ದನ್ನು ಸಂಜೆಯಿಂದ ನಡುರಾತ್ರಿಯವರೆಗೆ ಕೆಳಗೆ ಮಲಗಿದವರ ಮೇಲೆ ಬಿಡುತ್ತದೆ. ಮೇಲೆ ಹೋಗಿ ಮಲಗೋಣವೆಂದರೆ ಸ್ಲ್ಯಾಬು ಸುಡುತ್ತದೆ, ಸೊಳ್ಳೆ ಬೇರೆ. ಹೀಗಾಗಿ ಮನೆಯ ಜೊತೆಗೆ ಅಭ್ಯಾಸವೂ ಹೋಯಿತು. ಕಿಟಕಿ ದೊಡ್ಡದಾಯಿತು, ಮಧ್ಯಾಹ್ನ ಗಾಳಿ ಬರಲಿ ಅಂತ ತೆರೆದಿಡುತ್ತೇವೆ, ಒಳಗೆ ಬರುವುದು 42 ಡಿಗ್ರಿಯ ಬಿಸಿಗಾಳಿ. ರಾತ್ರಿ ಹೊರಗೆ ತಂಪಾದಾಗ ಕಳ್ಳರು, ಸೊಳ್ಳೆ ಅಂತ ಮುಚ್ಚಿ ಫ್ಯಾನ್ ಹಾಕುತ್ತೇವೆ. ಫ್ಯಾನು ಬೀಸುವುದು ಸ್ಲ್ಯಾಬಿನ ಕಾವನ್ನೇ.

ಭಾರತ ಸರ್ಕಾರವೂ 2018ರಲ್ಲಿ ವಾಸದ ಮನೆಗಳಿಗೆ ಇಕೋ ನಿವಾಸ್ ಸಂಹಿತೆ ಅಂತ ಒಂದು ನಿಯಮ ಮಾಡಿದೆ. ಛಾವಣಿಯಿಂದ ಎಷ್ಟು ಶಾಖ ಇಳಿಯಬಹುದು, ಗಾಳಿಗೆ ಎಷ್ಟು ಜಾಗ ಬೇಕು ಅಂತ ಅದರಲ್ಲಿ ಇದೆ. ಆದರೆ ಅದು ಮಾಡಿರುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಕಟ್ಟಡಗಳಿಗೆ. ನಮ್ಮ ಊರಿನ 30-40 ಅಳತೆಯ ಸೈಟಿಗೆ, ಆಶ್ರಯ ಮನೆಗೆ, ತಗಡಿನ ಶೆಡ್ಡಿಗೆ ಅದು ಇಳಿದು ಬರುವುದಿಲ್ಲ. ಪಟ್ಟಣಗಳಲ್ಲಿ ಈಗ ಛಾವಣಿಗೆ ಹೊದಿಕೆ, ಬಿಳಿ ಬಣ್ಣ, ಎರಡು ಗಾಜಿನ ಕಿಟಕಿ ಮಾರುವವರು ಬಂದಿದ್ದಾರೆ. ಮನೆ ಕಟ್ಟಿಸುವವರು ಅವರನ್ನು ಕೇಳಬೇಕಾದ್ದು ಹೊದಿಕೆಯ ದಪ್ಪ ಎಷ್ಟು ಅಂತ ಮಾತ್ರವಲ್ಲ. ರಾತ್ರಿ ಹತ್ತಕ್ಕೆ, ಕಳ್ಳ ಬಾರದಂತೆ, ಸೊಳ್ಳೆ ನುಗ್ಗದಂತೆ, ಮಂಡಿನೋವಿನ ಅಜ್ಜಿಯ ಕೈಗೆ ಎಟುಕುವಂತೆ ತೆರೆಯುವ ಕಿಟಕಿ ಯಾವುದು, ಎದುರು ಗೋಡೆಯಲ್ಲಿ ಗಾಳಿ ಹೊರಗೆ ಹೋಗಲು ದಾರಿ ಎಲ್ಲಿದೆ ಅಂತ ಕೇಳಬೇಕು. ಸರಳಿಗೆ, ಸೊಳ್ಳೆ ಜಾಲರಿಗೆ ಆಗುವ ಖರ್ಚನ್ನು ಎಸ್ಟಿಮೇಟ್‌ನಲ್ಲಿ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಗೃಹಪ್ರವೇಶ ಆದ ಮೇಲೆ ಅದಕ್ಕೆ ದುಡ್ಡು ಉಳಿದಿರುವುದಿಲ್ಲ.